ಉದ್ದಕ್ಕೆ ಹೋಗುವವರು, ಅಡ್ಡ ದಾಟುವವರು

(ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಆಗಷ್ಟೇ ವೇಗದ ಹೆದ್ದಾರಿಯಾಗಿ ಬದಲಾಗಿದ್ದ ಒಂದು ಮುಖ್ಯ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದೆ. ರಸ್ತೆಯ ಉದ್ದಕ್ಕೂ ಕಬ್ಬಿಣದ ತಡೆಕಂಬಿ ಹಾಕಿದ್ದರು. ಎಲ್ಲ ಕಡೆಯೂ ಅದು ಧೂಳು ಮೆತ್ತಿಕೊಂಡು ಮಂಕಾಗಿತ್ತು. ಒಂದೇ ಒಂದು ಕಡೆ ಮಾತ್ರ, ಎರಡು ಗೇಣಿನಷ್ಟು ಅಗಲಕ್ಕೆ, ದಿನವೂ ಕೈಯಾಡಿದ ಬಾಗಿಲ ಹಿಡಿಯಂತೆ ಹೊಳೆಯುತ್ತಿತ್ತು. ಅದರ ಬುಡದಲ್ಲಿ ಹುಲ್ಲು ಸವೆದು ಮಣ್ಣು ಗಟ್ಟಿಯಾಗಿತ್ತು. ಹೊಳಪಿನ ಕಾರಣ ತಿಳಿಯಲು ಹತ್ತು ನಿಮಿಷ ನಿಂತರೆ ಸಾಕಾಯಿತು. ಚೀಲ ಹಿಡಿದ ಹೆಂಗಸೊಬ್ಬರು ಬಂದರು. ಚೀಲವನ್ನು ಕಂಬಿಯ ಆಚೆಗೆ ಇಳಿಸಿದರು. ಕಂಬಿಯ ಮೇಲೆ ಕೈಯೂರಿ ಒಂದು ಕಾಲು ದಾಟಿಸಿದರು, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಕಾಲು. ಆಮೇಲೆ ಚೀಲವನ್ನು ಎದೆಗೆ ಒತ್ತಿಕೊಂಡು, ವಾಹನಗಳ ನಡುವೆ ಬಿಡುವು ಸಿಗುವುದನ್ನೇ ಕಾಯುತ್ತಾ ನಿಂತರು. ಅಲ್ಲಿಂದ 300 ಮೀಟರ್ ಆಚೆಗೆ ಪಾದಚಾರಿಗಳ ಮೇಲ್ಸೇತುವೆ ಕಣ್ಣಿಗೆ ಕಾಣುತ್ತಿತ್ತು.

ಸೇತುವೆ ಇದ್ದರೂ ಹೀಗೆ ದಾಟುತ್ತಾರಲ್ಲ, ಜನರಿಗೆ ಬುದ್ಧಿ ಬೇಡವೇ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಂಬಿ ಬರುವುದಕ್ಕೆ ಮೊದಲು ಅಲ್ಲಿ ದಾರಿಯಿತ್ತು. ಆ ದಾರಿಯಲ್ಲಿ ನಡೆಯುವ ಅಗತ್ಯವನ್ನು ಕಂಬಿ ಅಳಿಸಲಿಲ್ಲ, ದಾರಿಯನ್ನು ಮಾತ್ರ ಅಳಿಸಿತು. ನಾನು ಇಂದು ಮಾತನಾಡುವುದೆಲ್ಲ ಆ ಎರಡು ಗೇಣು ಹೊಳಪಿನ ಬಗ್ಗೆಯೇ.

ಮುಖ್ಯ ರಸ್ತೆ ಎಂಬುದು ಯಾವಾಗಲೂ ಎರಡು ಕೆಲಸ ಮಾಡುತ್ತಿರುತ್ತದೆ. ದೂರದ ಊರಿಗೆ ಹೋಗುವವರನ್ನು ಉದ್ದಕ್ಕೆ ಸಾಗಿಸುತ್ತದೆ. ಜೊತೆಗೆ ಅದರ ಎರಡೂ ಬದಿಯಲ್ಲಿ ಬದುಕುವವರಿಗೆ ಅದೇ ಅಂಗಳ, ಅದೇ ಅಂಗಡಿ ಬೀದಿ, ಅದೇ ಹೊಲದ ದಾರಿ, ಅದೇ ಬಸ್ ನಿಲ್ದಾಣ. ಇದನ್ನು ವೇಗದ ಹೆದ್ದಾರಿಯಾಗಿಸುವುದು ಎಂದರೆ ಅಗಲ ಮಾಡುವುದಷ್ಟೇ ಅಲ್ಲ. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು, ಹೊಲದ ಕೆಲಸದ ವಾಹನಗಳು ಅದರ ಮೇಲೆ ಬರುವಂತಿಲ್ಲ. ಪಕ್ಕದ ಮನೆಯ ಗೇಟು ಅದಕ್ಕೆ ತೆರೆಯುವಂತಿಲ್ಲ. ಗೊತ್ತುಪಡಿಸಿದ ಕೆಲವೇ ಕಡೆ ಮಾತ್ರ ಹತ್ತಬೇಕು, ಇಳಿಯಬೇಕು. ಮೋಟಾರು ವಾಹನಗಳಿಗೆಂದೇ ಮೀಸಲಾದ ಇಂಥ ರಸ್ತೆ ಮೊದಲು ಬಂದದ್ದು ಇಟಲಿಯಲ್ಲಿ, 1924ರಲ್ಲಿ, ಮಿಲಾನ್‌ನಿಂದ ಸರೋವರಗಳ ನಾಡಿನ ಕಡೆಗೆ. ಬ್ರಿಟನ್ 1949ರಲ್ಲಿ ಇಂಥವಕ್ಕೆ ಬೇರೆ ಕಾನೂನನ್ನೇ ಮಾಡಿ ಅವುಗಳನ್ನು ‘ವಿಶೇಷ ರಸ್ತೆ’ ಎಂದು ಕರೆಯಿತು. ಇಂಥ ರಸ್ತೆಗೆ ಅಲ್ಲಿ ಮೋಟಾರ್‌ವೇ ಎನ್ನುತ್ತಾರೆ. ಅಲ್ಲಿನ ಮೊದಲ ಮೋಟಾರ್‌ವೇ ತೆರೆದದ್ದು 1958ರ ಡಿಸೆಂಬರ್‌ನಲ್ಲಿ, ಪ್ರೆಸ್ಟನ್ ಪಟ್ಟಣವನ್ನು ಬಳಸಿಕೊಂಡು ಹೋಗುವ ಬೈಪಾಸ್ ಆಗಿ.

ಬಳಸಿಕೊಂಡು ಎಂಬ ಮಾತನ್ನು ಗಮನಿಸಿ. ಹೊಸ ಹೆದ್ದಾರಿಯನ್ನು ಬೇರೆ ಜಾಗದಲ್ಲಿ ಕಟ್ಟಿದರೆ ಹಳೆಯ ರಸ್ತೆ ಊರಿನವರಿಗೆ ಉಳಿಯುತ್ತದೆ. ಲಾರಿಗಳು ಆಚೆಗೆ ಹೋಗುತ್ತವೆ, ಬೀದಿ ಹಗುರಾಗುತ್ತದೆ. ಜಮೀನು ಹೋಗುತ್ತದೆ, ಅದೇನೂ ಸಣ್ಣ ನಷ್ಟವಲ್ಲ. ಆದರೂ ಓಡಾಟದ ಹಳೆಯ ಬಲೆ ಹರಿಯುವುದಿಲ್ಲ. ಹಳೆಯ ರಸ್ತೆಯ ಮೇಲೆಯೇ ಹೆದ್ದಾರಿಯನ್ನು ಕಟ್ಟಿದಾಗ ನಡೆಯುವುದೇ ಬೇರೆ. ಆ ರಸ್ತೆಯಲ್ಲಿ ಹಾಲು ಸಾಗಿಸುತ್ತಿದ್ದವರು, ಶಾಲೆಗೆ ಹೋಗುತ್ತಿದ್ದ ಮಕ್ಕಳು, ಪಕ್ಕದ ಹಳ್ಳಿಗೆ ಸೈಕಲ್ ತುಳಿಯುತ್ತಿದ್ದವರು ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಅವರ ರಸ್ತೆಯೇ ಇರುವುದಿಲ್ಲ. ಸರ್ಕಾರಿ ಕಡತದಲ್ಲಿ ಎರಡಕ್ಕೂ ‘ಮೇಲ್ದರ್ಜೆಗೆ ಏರಿಸುವುದು’ ಎಂಬ ಒಂದೇ ಹೆಸರು ಇರಬಹುದು. ಬದಿಯಲ್ಲಿ ಬದುಕುವವರಿಗೆ ಅವೆರಡೂ ಒಂದೇ ಅಲ್ಲ.

ಈಗ ಆ ಹೆಂಗಸಿನ ದಾಟುವಿಕೆಯ ಲೆಕ್ಕವನ್ನು ಮಾಡೋಣ. ಇದು ಯಾರೂ ಮಾಡಬಹುದಾದ ಲೆಕ್ಕ. ಹಳೆಯ ಎರಡು ಪಥದ ರಸ್ತೆ ಸುಮಾರು 7 ಮೀಟರ್ ಅಗಲ. ಆರೋಗ್ಯವಂತರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ರಸ್ತೆ ಎಂಜಿನಿಯರ್‌ಗಳು ಸಾಮಾನ್ಯವಾಗಿ ಹಿಡಿಯುತ್ತಾರೆ. ಆರು ಸೆಕೆಂಡಿನಲ್ಲಿ ದಾಟಿ ಮುಗಿಯಿತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟರಲ್ಲಿ ಸುಮಾರು 83 ಮೀಟರ್ ಬಂದಿರುತ್ತದೆ. ಅದನ್ನು ಕಣ್ಣಿನಿಂದಲೇ ಅಳೆಯಬಹುದು. ಮಕ್ಕಳಿಗೂ ಹೇಳಿಕೊಡಬಹುದು.

ಆರು ಪಥದ ಹೆದ್ದಾರಿ, ಅಂಚಿನ ಪಟ್ಟಿ ಮತ್ತು ನಡುವಿನ ವಿಭಜಕ ಸೇರಿ ಸುಮಾರು 30 ಮೀಟರ್. ಅರ್ಧ ದಾಟಲು 12ರಿಂದ 13 ಸೆಕೆಂಡು. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ಎಂದರೆ ಮೂರು ಪಥಗಳಲ್ಲಿಯೂ ಒಟ್ಟಿಗೆ ಸುಮಾರು 350 ಮೀಟರ್ ದೂರದವರೆಗೆ ಯಾವ ವಾಹನವೂ ಇರಬಾರದು. ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆದರೆ ಆ ದೂರ 500 ಮೀಟರ್ ದಾಟುತ್ತದೆ. ಅಷ್ಟು ದೂರದಿಂದ ಬರುವ ಕಾರಿನ ವೇಗವನ್ನು ಅಂದಾಜು ಮಾಡುವ ಶಕ್ತಿ ಮನುಷ್ಯರ ಕಣ್ಣಿಗೆ ಇಲ್ಲ. ಹಾಗಾಗಿ ಕಂಬಿ ಹಾಕುವುದು ತಪ್ಪು ಎಂದು ನಾನು ಹೇಳಲಾರೆ. ಅಲ್ಲಿ ನೆಲದ ಮಟ್ಟದಲ್ಲಿ ಯಾರೂ ದಾಟಬಾರದು, ನಿಜ.

ಹಾಗಾದರೆ ಮೇಲ್ಸೇತುವೆಯ ಲೆಕ್ಕವನ್ನೂ ಅಷ್ಟೇ ಪ್ರಾಮಾಣಿಕವಾಗಿ ಮಾಡಬೇಕು. ಎತ್ತರದ ಲಾರಿಗಳು ಕೆಳಗೆ ಹಾಯಬೇಕಾದ್ದರಿಂದ ಸೇತುವೆಯ ಕೆಳಗೆ ಐದು ಮೀಟರಿಗೂ ಹೆಚ್ಚು ಎತ್ತರ ಖಾಲಿ ಇರಬೇಕು. ಸೇತುವೆಯ ದಪ್ಪ ಸೇರಿದರೆ ನಡೆಯುವ ಮಟ್ಟ ಸುಮಾರು 6 ಮೀಟರ್ ಎತ್ತರ. 15 ಸೆಂಟಿಮೀಟರಿನ ಮೆಟ್ಟಿಲಾದರೆ ಹತ್ತುವುದು 40, ಇಳಿಯುವುದು 40. ಮೆಟ್ಟಿಲು ಆಗದವರಿಗೆ ಇಳಿಜಾರು ದಾರಿ ಬೇಕು. ಒಂದಕ್ಕೆ ಹನ್ನೆರಡರ ಇಳಿಜಾರಾದರೆ, ಎಂದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದದಂತೆ, ಒಂದು ಬದಿಗೆ 72 ಮೀಟರ್, ಎರಡೂ ಬದಿಗೆ 144. ಅದಕ್ಕೆ ಮೊದಲು ಸೇತುವೆಯವರೆಗೆ 300 ಮೀಟರ್ ಹೋಗಬೇಕು, ಇಳಿದ ಮೇಲೆ 300 ಮೀಟರ್ ಹಿಂದಕ್ಕೆ ಬರಬೇಕು. ಕೂಡಿ ನೋಡಿದರೆ 30 ಮೀಟರಿನ ದಾಟು 770 ಮೀಟರ್ ಮೀರಿ ಬೆಳೆಯುತ್ತದೆ. ಅದು ಹೋಗುವಾಗ. ಬರುವಾಗ ಇನ್ನೊಂದು ಅಷ್ಟು. ಮಂಡಿ ನೋಯುವವರ ಪಾಲಿಗೆ, ಕೈಗೂಸು ಎತ್ತಿಕೊಂಡವರ ಪಾಲಿಗೆ, ತಲೆಯ ಮೇಲೆ ಹೊರೆ ಇರುವವರ ಪಾಲಿಗೆ ಆ ಸೇತುವೆ ಇದ್ದೂ ಇಲ್ಲದಂತೆ.

ಅಂಡರ್‌ಪಾಸ್ ಉತ್ತಮ, ನಾನು ಯಾವಾಗಲೂ ಅದನ್ನೇ ಕೇಳುತ್ತೇನೆ. ಮನುಷ್ಯರಿಗೆ ಬೇಕಾದ ಎತ್ತರ ಲಾರಿಗೆ ಬೇಕಾದ ಎತ್ತರಕ್ಕಿಂತ ಕಡಿಮೆ, ಆದ್ದರಿಂದ ಇಳಿದು ಹತ್ತುವುದೂ ಕಡಿಮೆ. ಹೆದ್ದಾರಿಯನ್ನೇ ಏರಿಯ ಮೇಲೆ ಒಯ್ದರೆ ಊರಿನ ದಾರಿ ನೆಲದ ಮಟ್ಟದಲ್ಲಿಯೇ ಹಾಯಬಹುದು. ಆದರೆ ಅದು ಒಳ್ಳೆಯ ಅಂಡರ್‌ಪಾಸ್ ಆಗಿರಬೇಕು. ಈಚೆ ಬಾಯಿಯಲ್ಲಿ ನಿಂತರೆ ಆಚೆ ಬಾಯಿಯ ಬೆಳಕು ಕಾಣಬೇಕು. ಕಾಣದಿದ್ದರೆ ಕತ್ತಲಾದ ಮೇಲೆ ಹೆಂಗಸರು, ಮಕ್ಕಳು ಒಳಗೆ ಕಾಲಿಡುವುದಿಲ್ಲ. ನೀರು ತಾನಾಗಿ ಹರಿದುಹೋಗಬೇಕು. ಪಂಪು ನಂಬಿಕೊಂಡ ಅಂಡರ್‌ಪಾಸ್ ಪಂಪು ಕೆಟ್ಟ ದಿನ ಕೆರೆಯಾಗುತ್ತದೆ, ಮತ್ತು ಪಂಪಿಗೆ ಹೆಚ್ಚು ಕೆಲಸ ಬೀಳುವುದು ದೊಡ್ಡ ಮಳೆಯ ದಿನವೇ. ಹೊರೆ ತುಂಬಿದ ಟ್ರ್ಯಾಕ್ಟರ್ ಹಾಯುವಷ್ಟು ಎತ್ತರ ಇದೆಯೇ ಎಂದು ನಕ್ಷೆಯಲ್ಲೇ ನೋಡಬೇಕು. ಕಾಂಕ್ರೀಟು ಹಾಕಿದ ಮೇಲೆ ನೋಡಿ ಪ್ರಯೋಜನವಿಲ್ಲ.

ದಾಟುವ ಜಾಗಗಳ ನಡುವಿನ ಅಂತರ ಇನ್ನೊಂದು ಮಾತು. ಎರಡು ಕಿಲೋಮೀಟರಿಗೆ ಒಂದು ಎಂದರೆ ಕೇಳಲು ಹತ್ತಿರವೇ. ನಡುಮಧ್ಯದಲ್ಲಿ ಮನೆಯಿರುವವರಿಗೆ ಎದುರು ಮನೆಗೆ ಹೋಗಲು ಒಂದು ಕಿಲೋಮೀಟರ್ ಆ ಕಡೆ, ಒಂದು ಕಿಲೋಮೀಟರ್ ಈ ಕಡೆ. ಕೂಗಳತೆಯ ದೂರ ಎನ್ನುತ್ತೇವಲ್ಲ, ಆ ಮಾತು ಅಕ್ಷರಶಃ ಸುಳ್ಳಾಗುತ್ತದೆ. ಹೆದ್ದಾರಿಯ ಸದ್ದಿನಲ್ಲಿ ಆಚೆ ಬದಿಯಿಂದ ಕೂಗಿದರೂ ಕೇಳುವುದಿಲ್ಲ.

ಸಂಬಂಧಗಳು ಸವೆಯಲು ಇಷ್ಟು ದೊಡ್ಡ ರಸ್ತೆಯೂ ಬೇಕಿಲ್ಲ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ಯೋಜನಾ ತಜ್ಞರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ಸುಮಾರು 16,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬರಿಗಿಂತ ಕಡಿಮೆ. ಅಲ್ಲಿ ಕಂಬಿಯಿರಲಿಲ್ಲ, ಗೋಡೆಯಿರಲಿಲ್ಲ. ಬರೀ ವಾಹನಗಳಿದ್ದವು.

ಇನ್ನು ಉದ್ದಕ್ಕೆ ಹೋಗುವ ಸ್ಥಳೀಯರ ಮಾತು. ಹೆದ್ದಾರಿಯಿಂದ ಹೊರಬಿದ್ದ ಸೈಕಲ್, ಟ್ರ್ಯಾಕ್ಟರ್, ನಡೆಯುವವರು, ಪಕ್ಕದ ಊರಿಗೆ ಹೋಗುವ ಕಾರು, ಇವರಿಗೆಲ್ಲ ಪಕ್ಕದಲ್ಲಿ ಬೇರೆ ರಸ್ತೆ ಬೇಕು. ಇದಕ್ಕೆ ಒಳ್ಳೆಯ ಮಾದರಿ ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿದೆ. ಅಲ್ಲಿ ಎ1 ಎಂಬ ಹಳೆಯ ಮುಖ್ಯ ರಸ್ತೆಯನ್ನು ಹಂತಹಂತವಾಗಿ ಮೂರು ಮೂರು ಪಥದ ಮೋಟಾರ್‌ವೇ ಆಗಿ ಬದಲಿಸಿದರು. ಡಿಶ್‌ಫರ್ತ್‌ನಿಂದ ಲೀಮಿಂಗ್‌ವರೆಗಿನ ಭಾಗ 2012ರಲ್ಲಿ, ಲೀಮಿಂಗ್‌ನಿಂದ ಬಾರ್ಟನ್‌ವರೆಗಿನ ಸುಮಾರು 19 ಕಿಲೋಮೀಟರ್ 2018ರಲ್ಲಿ ಮುಗಿಯಿತು. ಹೆಚ್ಚುಕಡಿಮೆ ಹಳೆಯ ರಸ್ತೆಯ ಜಾಡಿನಲ್ಲಿಯೇ ಕಟ್ಟಿದ್ದರಿಂದ, ನಿಧಾನದ ಸಂಚಾರಕ್ಕೆಂದು ಪಕ್ಕದಲ್ಲಿ ಸ್ಥಳೀಯ ರಸ್ತೆಯನ್ನೂ ಅದೇ ಯೋಜನೆಯ ಭಾಗವಾಗಿ ಕಟ್ಟಿದರು. ಆ ಜಾಡು ರೋಮನ್ನರ ಕಾಲದ್ದು. ಅಗೆಯುವಾಗ ಕ್ಯಾಟರಿಕ್ ಮತ್ತು ಸ್ಕಾಚ್ ಕಾರ್ನರ್ ಬಳಿ ರೋಮನ್ನರ ಕಾಲದ ವಸತಿಯ ಕುರುಹುಗಳು, ಅಪಾರ ಸಂಖ್ಯೆಯ ವಸ್ತುಗಳು ಸಿಕ್ಕವು. ನನಗೆ ಇದು ಪುರಾತತ್ವದ ಕುತೂಹಲ ಮಾತ್ರ ಅಲ್ಲ. ರಸ್ತೆ ಇದ್ದ ಕಡೆ, ಅದರಲ್ಲೂ ಇನ್ನೊಂದು ದಾರಿ ಬಂದು ಕೂಡುವ ಕಡೆ, ಜನ ಎರಡು ಸಾವಿರ ವರ್ಷಗಳಿಂದ ಮನೆ ಕಟ್ಟಿಕೊಂಡಿದ್ದಾರೆ. ರಸ್ತೆಯ ಬದಿಗೆ ಊರು ಬೆಳೆಯುವುದು ಒತ್ತುವರಿದಾರರ ದುರಾಸೆಯಿಂದಲ್ಲ. ರಸ್ತೆಗಳ ಸ್ವಭಾವವೇ ಅದು.

ಸ್ಥಳೀಯ ರಸ್ತೆ ಇದೆ ಎಂದ ಮಾತ್ರಕ್ಕೆ ಸಮಾಧಾನಪಡಬೇಡಿ, ಅದು ಎಲ್ಲಿ ತುಂಡಾಗುತ್ತದೆ ಎಂದು ನೋಡಿ. ಹಳ್ಳ, ಹೊಳೆ, ರೈಲು ಹಳಿ ಬಂದ ಕಡೆ ಹೆದ್ದಾರಿಗೆ ದೊಡ್ಡ ಸೇತುವೆ ಕಟ್ಟುತ್ತಾರೆ. ಪಕ್ಕದ ಸಣ್ಣ ರಸ್ತೆಗೆ ಇನ್ನೊಂದು ಸೇತುವೆ ಖರ್ಚಿನ ಬಾಬತ್ತು, ಆದ್ದರಿಂದ ಅದು ಅಲ್ಲಿಗೆ ನಿಂತುಬಿಡುತ್ತದೆ. ಹತ್ತು ಕಿಲೋಮೀಟರಿನಲ್ಲಿ ಒಂಬತ್ತೂವರೆ ಕಿಲೋಮೀಟರ್ ಸ್ಥಳೀಯ ರಸ್ತೆ ಇದೆ ಎಂದು ವರದಿ ಹೇಳಬಹುದು. ಉಳಿದ ಅರ್ಧ ಕಿಲೋಮೀಟರಿನಲ್ಲಿ ಹೊಳೆಯಿದ್ದರೆ ಆ ಒಂಬತ್ತೂವರೆಗೆ ಬೆಲೆಯೇ ಇಲ್ಲ. ಇನ್ನೊಂದು ತೊಂದರೆ, ಅದನ್ನು ಒಮ್ಮುಖ ಮಾಡುವುದು. ಆಗ ಅರ್ಧ ಕಿಲೋಮೀಟರ್ ಹಿಂದಿರುವ ಅಂಗಡಿಗೆ ಹೋಗಲು ಮುಂದಿನ ದಾಟುವ ಜಾಗದವರೆಗೆ ಹೋಗಿ ಸುತ್ತಿ ಬರಬೇಕು. ಜನ ಹಾಗೆ ಮಾಡುವುದಿಲ್ಲ, ಎದುರು ದಿಕ್ಕಿನಲ್ಲಿ ಓಡಿಸುತ್ತಾರೆ. ಹೆದ್ದಾರಿಗೆ ಸುಂಕ ಇದ್ದರೆ ಅದನ್ನು ತಪ್ಪಿಸುವವರೂ ಇದೇ ಕಿರಿದಾದ ರಸ್ತೆಗೆ ಇಳಿಯುತ್ತಾರೆ. ಹೆದ್ದಾರಿಯಲ್ಲಿ ಅಪಘಾತವಾಗಿ ಅದನ್ನು ಮುಚ್ಚಿದ ದಿನ ಲಾರಿಗಳೆಲ್ಲ ಶಾಲೆಯ ಮುಂದೆ ಸಾಲುಗಟ್ಟುತ್ತವೆ.

ಅಂಗಡಿಗಳ ವಿಷಯವನ್ನು ಸ್ವಲ್ಪದರಲ್ಲೇ ಮುಗಿಸುತ್ತೇನೆ. ದಾರಿಹೋಕರನ್ನು ನಂಬಿದ ವ್ಯಾಪಾರ ಸೊರಗುತ್ತದೆ, ಊರಿನವರನ್ನು ನಂಬಿದ ವ್ಯಾಪಾರ ತಡೆದುಕೊಳ್ಳುತ್ತದೆ, ಕೆಲವೊಮ್ಮೆ ಲಾರಿಗಳ ಕಾಟ ತಪ್ಪಿ ಚೇತರಿಸಿಕೊಳ್ಳುತ್ತದೆ. ಸಣ್ಣ ಊರಿಗೆ ಪೆಟ್ಟು ಹೆಚ್ಚು. ಇಳಿದಾರಿಗಳ ಬಳಿ ಜಮೀನಿನ ಬೆಲೆ ಏರುತ್ತದೆ, ಎರಡು ಇಳಿದಾರಿಗಳ ನಡುವಿನವರಿಗೆ ಸದ್ದು ಸಿಗುತ್ತದೆ, ದಾರಿ ಸಿಗುವುದಿಲ್ಲ.

ಸದ್ದಿನ ಬಗ್ಗೆ ಜನರಿಗೆ ಹೇಳದೆ ಬಿಡುವ ಸಂಗತಿಯೊಂದಿದೆ. ವಾಹನಗಳ ಸಂಖ್ಯೆ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಆದರೆ ವೇಗ ಎರಡರಷ್ಟಾದರೆ ಅದಕ್ಕಿಂತ ಬಹಳ ಹೆಚ್ಚು ಏರುತ್ತದೆ, ಏಕೆಂದರೆ ವೇಗದಲ್ಲಿ ಕಾರಿನ ಸದ್ದು ಎಂಜಿನ್ನಿನದಲ್ಲ, ಟೈರು ರಸ್ತೆಗೆ ಉಜ್ಜುವುದರದು. ಆದ್ದರಿಂದ ಟ್ರಾಫಿಕ್ ಜಾಸ್ತಿಯಾಗುವುದಿಲ್ಲ, ಸದ್ದೂ ಆಗುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಹಳೆಯ ರಸ್ತೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಅಪರೂಪಕ್ಕೆ ಒಂದು ಲಾರಿ. ಹೊಸದರಲ್ಲಿ ಮೊರೆತ ನಿಲ್ಲುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ರಸ್ತೆಯ ಸದ್ದು ರಾತ್ರಿ ಸರಾಸರಿ 45 ಡೆಸಿಬಲ್ ಮೀರಬಾರದು ಎನ್ನುತ್ತದೆ. ಒಂದು ಸಾಲು ಮರ ನೆಟ್ಟರೆ ಕಣ್ಣಿಗೆ ತಂಪು, ಕಿವಿಗೆ ಅಷ್ಟಕ್ಕಷ್ಟೆ. ಶಬ್ದ ತಡೆಯುವ ಗೋಡೆ ಸಂದಿಯಿಲ್ಲದೆ, ವಾಹನವನ್ನು ಕಣ್ಣಿಗೆ ಮರೆಮಾಡುವಷ್ಟು ಎತ್ತರವಾಗಿ, ರಸ್ತೆಗೆ ಹತ್ತಿರ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಹೊಗೆಯೂ ಹಾಗೆಯೇ, ಮೊದಲ 150ರಿಂದ 200 ಮೀಟರಿನಲ್ಲಿ ಅದರ ಪ್ರಭಾವ ಹೆಚ್ಚು. ಶಾಲೆ, ಆಸ್ಪತ್ರೆ ಆ ಪಟ್ಟಿಯೊಳಗೆ ಇದೆಯೇ ಎಂದು ಅಳತೆ ಪಟ್ಟಿ ಇಟ್ಟು ನೋಡಬಹುದು.

ನೀರು. ಹೆದ್ದಾರಿಯ ಏರಿಗೂ ಕೆರೆಯ ಏರಿಗೂ ನೀರಿನ ಮಟ್ಟಿಗೆ ವ್ಯತ್ಯಾಸವಿಲ್ಲ. ಅಡ್ಡ ಬಂದ ನೀರನ್ನು ಎರಡೂ ತಡೆಯುತ್ತವೆ. ಮೋರಿಗಳು ಸಣ್ಣವಾದರೆ, ಹೂಳು ತುಂಬಿದರೆ, ಮೇಲಿನ ಹೊಲದಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಹೊಲ ಒಣಗುತ್ತದೆ. ಜೊತೆಗೆ ರಸ್ತೆಯ ಮೇಲೆ ಬಿದ್ದ ನೀರು ಎಲ್ಲೂ ಇಂಗುವುದಿಲ್ಲ. 30 ಮೀಟರ್ ಅಗಲದ ಒಂದು ಕಿಲೋಮೀಟರ್ ಹೆದ್ದಾರಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 3 ಲಕ್ಷ ಲೀಟರ್ ಆಯಿತು. ಎಣ್ಣೆ, ಟೈರಿನ ಪುಡಿ ಎಲ್ಲ ಸೇರಿದ ಆ ನೀರು ಯಾರ ಜಮೀನಿಗೆ ಇಳಿಯುತ್ತದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಜಮೀನು ಪೂರ್ತಿ ಕಳೆದುಕೊಂಡವರ ಪಕ್ಕದಲ್ಲಿ, ಜಮೀನು ಎರಡು ತುಂಡಾದವರು ಮತ್ತು ಒಂದು ಗೇಣೂ ಕಳೆದುಕೊಳ್ಳದೆ ನೆಮ್ಮದಿ ಕಳೆದುಕೊಂಡವರು ಇರುತ್ತಾರೆ. ಇವರನ್ನು ಗುರುತಿಸಿದ ಕಾನೂನುಗಳು ಜಗತ್ತಿನಲ್ಲಿವೆ. ಜರ್ಮನಿಯಲ್ಲಿ ಹೆದ್ದಾರಿಯಂಥ ಯೋಜನೆ ಬಂದಾಗ ಸುತ್ತಲಿನ ಜಮೀನುಗಳನ್ನು ಮರುಹಂಚಿಕೆ ಮಾಡಿ, ನಷ್ಟ ಕೆಲವರ ತಲೆಗೇ ಬೀಳದೆ ಹಲವರಲ್ಲಿ ಹಂಚಿಹೋಗುವಂತೆ, ತುಂಡಾದ ಹೊಲಗಳು ಮತ್ತೆ ಕೂಡುವಂತೆ ಮಾಡಲು ಅವಕಾಶವಿದೆ. ಇಂಗ್ಲೆಂಡಿನ 1973ರ ಭೂ ಪರಿಹಾರ ಕಾಯ್ದೆಯ ಪ್ರಕಾರ, ಜಮೀನು ಹೋಗದಿದ್ದರೂ ಹೊಸ ಅಥವಾ ಬದಲಿಸಿದ ರಸ್ತೆಯ ಸದ್ದು, ಕಂಪನ, ಹೊಗೆ, ದೀಪದ ಬೆಳಕಿನಿಂದ ಮನೆಯ ಬೆಲೆ ಕುಸಿದರೆ ಪರಿಹಾರ ಕೇಳಬಹುದು. ಅದನ್ನು ರಸ್ತೆ ತೆರೆದು ಒಂದು ವರ್ಷ ಆದ ಮೇಲೆ ಕೇಳಬೇಕು, ಅಷ್ಟರಲ್ಲಿ ನಿಜವಾದ ಪರಿಣಾಮ ತಿಳಿದಿರುತ್ತದೆ. ಈ ಒಂದು ವರ್ಷದ ವಿವೇಕ ನನಗೆ ಬಹಳ ಹಿಡಿಸಿತು.

ನಾನು ಹೆದ್ದಾರಿಯ ವಿರೋಧಿ ಎಂದು ಯಾರೂ ತಿಳಿಯಬಾರದು. ಬ್ರಿಟನ್ನಿನ ಒಟ್ಟು ಸಂಚಾರದಲ್ಲಿ ಸುಮಾರು ಐದನೇ ಒಂದು ಭಾಗ ಮೋಟಾರ್‌ವೇಗಳಲ್ಲಿ ನಡೆಯುತ್ತದೆ, ರಸ್ತೆ ಸಾವುಗಳಲ್ಲಿ ಅವುಗಳ ಪಾಲು ಸುಮಾರು ಇಪ್ಪತ್ತರಲ್ಲಿ ಒಂದು. ಎದುರುಬದುರಾಗಿ ಡಿಕ್ಕಿಯಾಗುವ ಹಳೆಯ ರಸ್ತೆಯಲ್ಲಿ ಮನೆಯವರನ್ನು ಕಳೆದುಕೊಂಡವರ ಮುಂದೆ ನಿಂತು ಈ ರಸ್ತೆ ಬೇಡ ಎನ್ನಲು ನನ್ನಿಂದಾಗದು. ಆದರೆ ದಟ್ಟಣೆ ಶಾಶ್ವತವಾಗಿ ತಪ್ಪುತ್ತದೆ ಎಂಬ ಭರವಸೆಯನ್ನು ಮಾತ್ರ ನಂಬಬೇಡಿ. ಅಮೆರಿಕದ ಮಹಾನಗರಗಳ ಅಂಕಿಅಂಶ ಪರಿಶೀಲಿಸಿದ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು, ಹೆದ್ದಾರಿ ಎಷ್ಟು ಹೆಚ್ಚಿತೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ವಾಹನ ಸಂಚಾರವೂ ಹೆಚ್ಚಿತೆಂದು 2011ರಲ್ಲಿ ತೋರಿಸಿದರು.

ಅಡ್ಡ ದಾಟುವವರ ಕಾಳಜಿ ಹೇಗಿರಬಹುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ನಡುವೆ ಹಾಯುವ ಟ್ರಾನ್ಸ್-ಕೆನಡಾ ಹೆದ್ದಾರಿಯನ್ನು 1980ರ ದಶಕದಿಂದ ಹಂತಹಂತವಾಗಿ ನಾಲ್ಕು ಪಥಕ್ಕೆ ಅಗಲಿಸಿದಾಗ ಬೇಲಿ ಹಾಕಿದರು, ಜೊತೆಗೆ ಪ್ರಾಣಿಗಳಿಗೆ ದಾಟು ಕೊಟ್ಟರು. 6 ಮೇಲ್ದಾಟು, 38 ಕೆಳದಾಟು. ಮೇಲ್ದಾಟುಗಳ ಮೇಲೆ ಮಣ್ಣು ಹಾಕಿ ಗಿಡ ಬೆಳೆಸಿದರು. ಯಾವ ಪ್ರಾಣಿ ಎಲ್ಲಿ ದಾಟುತ್ತದೆ ಎಂದು ವರ್ಷಾನುಗಟ್ಟಲೆ ಹೆಜ್ಜೆಗುರುತು ನೋಡಿ ದಾಖಲಿಸಿದರು. ಪ್ರಾಣಿಗಳಿಗೆ ವಾಹನ ಡಿಕ್ಕಿಯಾಗುವುದು ಶೇಕಡ 80ಕ್ಕೂ ಹೆಚ್ಚು ಇಳಿಯಿತು. ಕಂದು ಕರಡಿಗಳು ಆ ದಾಟುಗಳನ್ನು ನಂಬಿ ಬಳಸಲು ಕೆಲವು ವರ್ಷಗಳೇ ಹಿಡಿದವು. ಅಷ್ಟೂ ಕಾಲ ಕಾದರು. ಕರಡಿಗೆ ಬುದ್ಧಿ ಬೇಡವೇ ಎಂದು ಅಲ್ಲಿ ಯಾರೂ ಬೈಯಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನ ಯುವಕರೊಬ್ಬರು ಎದ್ದು ಕೇಳಿದರು: “ರಸ್ತೆ ಆಗಿ ಹೋದ ಮೇಲೆ ದಾಟು ಕೇಳಿದರೆ, ಇಲ್ಲಿ ದಾಟುವವರೇ ಇಲ್ಲವಲ್ಲ ಎನ್ನುತ್ತಾರೆ. ಏನು ಮಾಡಬೇಕು ಸರ್?”

ಅವರ ಪ್ರಶ್ನೆ ನನ್ನ ಇಡೀ ಉಪನ್ಯಾಸಕ್ಕಿಂತ ಚುರುಕಾಗಿತ್ತು. ದಾರಿ ಕಡಿದ ಮೇಲೆ ಎಣಿಸಿದರೆ ಸೊನ್ನೆಯೇ ಸಿಗುವುದು. ಆಚೆಯ ಹೊಲ ಮಾರಿದವರು, ಶಾಲೆ ಬದಲಿಸಿದ ಮಕ್ಕಳು, ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟ ಅಜ್ಜಿ, ಇವರಾರೂ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಕಂಬಿ ಬರುವ ಮೊದಲೇ ಎಣಿಸಬೇಕು. ನಾನು ಅವರಿಗೆ ಹೇಳಿದ್ದು ಇಷ್ಟು. ನಾಲ್ಕು ಜನ ಸೇರಿ, ದಾಟುವ ಪ್ರತಿಯೊಂದು ಜಾಗದಲ್ಲೂ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಸರದಿಯಲ್ಲಿ ಕುಳಿತುಕೊಳ್ಳಿ. ವಾರದ ದಿನ ಒಂದು, ಸಂತೆಯ ದಿನ ಒಂದು, ಮಳೆ ಬಂದ ದಿನ ಒಂದು. ಹೆಸರು ಬರೆಯಬೇಡಿ. ಯಾವ ಹೊತ್ತು, ಅಂದಾಜು ವಯಸ್ಸು, ಎಲ್ಲಿಂದ ಎಲ್ಲಿಗೆ, ಕೈಯಲ್ಲಿ ಏನಿತ್ತು ಎಂದು ಬರೆಯಿರಿ. ಕೈಯಲ್ಲಿ ಏನಿತ್ತು ಎಂಬ ಅಂಕಣವನ್ನು ಮರೆಯಬೇಡಿ. ನಲವತ್ತು ಮೆಟ್ಟಿಲು ಹತ್ತಲು ಆಗುವುದೇ ಇಲ್ಲವೇ ಎಂಬುದಕ್ಕೆ ಆ ಅಂಕಣವೇ ಉತ್ತರ ಕೊಡುತ್ತದೆ. ರಸ್ತೆ ಈಗಾಗಲೇ ಆಗಿಹೋಗಿದ್ದರೆ, ತಡೆಕಂಬಿಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಎಲ್ಲಿ ಹೊಳೆಯುತ್ತಿದೆಯೋ ಅಲ್ಲಿ ಗುರುತು ಹಾಕಿಕೊಂಡು ಬನ್ನಿ.